ಮಗಳಿಗೊಂದು ಪತ್ರ: ಸುತ್ತುಗಳ ಲೆಕ್ಕ

ಪ್ರೀತಿಯ ಮಗಳೇ,

ನಿನ್ನ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ವೋಲ್ಟೇಜ್ ಏರಿದರೆ ಕರೆಂಟೂ ಏರುತ್ತದೆ ಎನ್ನುತ್ತದೆ ಓಮ್‌ನ ನಿಯಮ. ಟ್ರಾನ್ಸ್‌ಫಾರ್ಮರ್ ಪಾಠದಲ್ಲಿ ನೋಡಿದರೆ ವೋಲ್ಟೇಜ್ ಏರಿದಷ್ಟೂ ಕರೆಂಟ್ ಇಳಿಯುತ್ತದೆ. ಯಾವುದನ್ನು ನಂಬಲಿ ಎಂದು ಕೇಳಿದ್ದೀಯ. ಎರಡನ್ನೂ ನಂಬು. ಆದರೆ ಈ ತೊಡಕು ಬಿಡಿಸಿಕೊಳ್ಳದೆ ಸೂತ್ರ ಉರುಹೊಡೆಯಬೇಡ. ಪೆನ್ಸಿಲ್ ಹಿಡಿದು ಓದು.

ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದೇ ಕಬ್ಬಿಣದ ತಿರುಳಿನ ಮೇಲೆ ತಂತಿಯ ಎರಡು ಸುರುಳಿಗಳಿವೆ: ವಿದ್ಯುತ್ ಒಳಬರುವ ಸುರುಳಿ ಪ್ರೈಮರಿ, ಹೊರಹೋಗುವ ಸುರುಳಿ ಸೆಕೆಂಡರಿ. ಪ್ರೈಮರಿಗೆ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್, ಕೊಟ್ಟಾಗ ತಿರುಳಿನೊಳಗಿನ ಕಾಂತೀಯ ಹರಿವು ಏರುತ್ತ, ಇಳಿಯುತ್ತ, ದಿಕ್ಕು ಬದಲಿಸುತ್ತ ಇರುತ್ತದೆ. ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುವುದು ಈ ಬದಲಾವಣೆ. 1831ರಲ್ಲಿ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ನೋಡಿದಾಗ, ಬ್ಯಾಟರಿ ಜೋಡಿಸಿದ ಮತ್ತು ಕಳಚಿದ ಕ್ಷಣಗಳಲ್ಲಿ ಮಾತ್ರ ಎರಡನೆಯ ಸುರುಳಿಯ ಕಡೆ ಕರೆಂಟ್ ತೋರಿಸಲು ಇಟ್ಟಿದ್ದ ಸೂಜಿ ಅಲುಗಿತು. ಕರೆಂಟ್ ಒಂದೇ ಸಮನೆ ಹರಿಯುತ್ತಿದ್ದಾಗ ಸೂಜಿ ಸುಮ್ಮನಿತ್ತು. ಟ್ರಾನ್ಸ್‌ಫಾರ್ಮರ್ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿನಲ್ಲಿ ಒಂದೇ ಸಮನೆ ಹರಿಯುವ ಕರೆಂಟಿನಲ್ಲಿ, ಕೆಲಸ ಮಾಡದಿರುವುದು ಇದಕ್ಕೇ.

ಹರಿವು ಎರಡೂ ಸುರುಳಿಗಳಿಗೆ ಒಂದೇ ಆದ್ದರಿಂದ ಒಂದೊಂದು ಸುತ್ತಿಗೂ ಸಿಗುವ ವೋಲ್ಟೇಜ್ ಸಮ. ಪ್ರೈಮರಿಯಲ್ಲಿ 500 ಸುತ್ತು, ಅದಕ್ಕೆ 230 ವೋಲ್ಟ್ ಎಂದಿಟ್ಟುಕೊ. ಸುತ್ತಿಗೆ 0.46 ವೋಲ್ಟ್ ಬಿತ್ತು. ಸೆಕೆಂಡರಿಯ 50 ಸುತ್ತಿಗೆ 23 ವೋಲ್ಟ್. ಇಷ್ಟು ಸುಲಭ.

ಈಗ ನಿನ್ನ ತೊಡಕಿಗೆ ಬರೋಣ. ಸೆಕೆಂಡರಿಗೆ 11.5 ಓಮ್‌ನ ಹೊರೆ, ಅಂದರೆ ವಿದ್ಯುತ್ ಬಳಸುವ ಉಪಕರಣ, ಜೋಡಿಸು. ಓಮ್ ಹೇಳಿದಂತೆ 2 ಆಂಪಿಯರ್ ಹರಿಯುತ್ತದೆ, 46 ವ್ಯಾಟ್ ಖರ್ಚಾಗುತ್ತದೆ. ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಪ್ರೈಮರಿಯೂ 230 ವೋಲ್ಟ್‌ನಲ್ಲಿ ಅಷ್ಟೇ 46 ವ್ಯಾಟ್, ಅಂದರೆ 0.2 ಆಂಪಿಯರ್ ಎಳೆದುಕೊಳ್ಳುತ್ತದೆ. ಸೆಕೆಂಡರಿಯ ಸುತ್ತುಗಳನ್ನು 100ಕ್ಕೆ ಏರಿಸಿ ನೋಡು: 46 ವೋಲ್ಟ್, ಅದೇ ಹೊರೆಯಲ್ಲಿ 4 ಆಂಪಿಯರ್, 184 ವ್ಯಾಟ್. ನೋಡಿದೆಯಾ, ವೋಲ್ಟೇಜ್ ಏರಿತು, ಕರೆಂಟೂ ಏರಿತು! ಆದರೆ ಪ್ರೈಮರಿಯ ಕರೆಂಟ್ 0.2ರಿಂದ 0.8ಕ್ಕೆ ಹಾರಿತು. ಪುಕ್ಕಟೆಯಾಗಿ ಏನೂ ಸಿಗಲಿಲ್ಲ. ಸುತ್ತು ಮತ್ತು ಕರೆಂಟನ್ನು ಗುಣಿಸಿದರೆ ಮೊದಲ ಸಲ ಎರಡೂ ಕಡೆ 100, ಎರಡನೆಯ ಸಲ ಎರಡೂ ಕಡೆ 400.

ಈ ಸಮತೋಲನಕ್ಕೆ ಕಾರಣ ನನಗೆ ಬಹಳ ಇಷ್ಟವಾದ ಭಾಗ. ಸೆಕೆಂಡರಿಯಲ್ಲಿ ಹರಿಯುವ ಕರೆಂಟ್ ತನ್ನದೇ ಕಾಂತಕ್ಷೇತ್ರ ಹುಟ್ಟಿಸಿ ತಿರುಳಿನ ಹರಿವನ್ನು ಕುಗ್ಗಿಸಲು ನೋಡುತ್ತದೆ. ಹರಿವು ಕುಗ್ಗಿದರೆ ಪ್ರೈಮರಿಯಲ್ಲಿ ಹುಟ್ಟುವ ಎದುರು ವೋಲ್ಟೇಜ್ 230ನ್ನು ತಡೆದು ನಿಲ್ಲಿಸಲಾರದು. ಆಗ ಮೂಲದಿಂದ ಹೆಚ್ಚು ಕರೆಂಟ್ ಒಳನುಗ್ಗಿ ಹರಿವನ್ನು ಮತ್ತೆ ಮೊದಲಿನ ಮಟ್ಟಕ್ಕೆ ತರುತ್ತದೆ. ಅಲ್ಲಿ ಎಷ್ಟು ಬೇಕು ಎಂಬ ಸುದ್ದಿ ಇಲ್ಲಿಗೆ ಮುಟ್ಟುವುದು ಹೀಗೆ, ಎರಡು ಸುರುಳಿಗಳ ನಡುವೆ ಒಂದು ಎಳೆ ತಂತಿಯೂ ಇಲ್ಲದೆ!

ಹಾಗಾದರೆ ನಿನ್ನ ಪುಸ್ತಕದ ವಾಕ್ಯ? ಅದು ಒಂದೇ ಹೊತ್ತಿನಲ್ಲಿ ಎರಡು ಬದಿಗಳನ್ನು ಹೋಲಿಸುತ್ತಿದೆ: ವೋಲ್ಟೇಜ್ ಹೆಚ್ಚಿರುವ ಬದಿಯಲ್ಲಿ ಕರೆಂಟ್ ಕಡಿಮೆ. ಓಮ್‌ನ ನಿಯಮ ಮಾತಾಡುವುದು ಹೊರೆಯೊಂದರ ಬಗ್ಗೆ. ಜಗಳವೇ ಇಲ್ಲ.

ಹಳೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿದ್ದು ಸಿಕ್ಕರೆ ತಂತಿಗಳನ್ನು ನೋಡು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಆದರೆ ಪ್ರೈಮರಿಯ ತಂತಿ ತೆಳ್ಳಗೆ, ಸುತ್ತು ಲೆಕ್ಕವಿಲ್ಲದಷ್ಟು; ಸೆಕೆಂಡರಿಯದು ದಪ್ಪ, ಸುತ್ತು ಕೆಲವೇ. ಕರೆಂಟ್ ಎಲ್ಲಿ ಹೆಚ್ಚೆಂದು ತಾಮ್ರವೇ ಹೇಳುತ್ತದೆ. ದೂರದ ಊರುಗಳಿಗೆ ವಿದ್ಯುತ್ ಸಾಗಿಸುವಾಗ ವೋಲ್ಟೇಜ್ ಏರಿಸುವುದೂ ಇದೇ ಲೆಕ್ಕದಲ್ಲಿ. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜ್‌ನಲ್ಲಿ ಕಳಿಸಿದರೆ ಕರೆಂಟ್ ಹತ್ತನೇ ಒಂದು ಭಾಗ, ತಂತಿ ಬಿಸಿಯಾಗಿ ಆಗುವ ನಷ್ಟ ನೂರನೇ ಒಂದು ಭಾಗ.

100 ಸುತ್ತಿನ ಆ ಸೆಕೆಂಡರಿಗೆ 23 ಓಮ್‌ನ ಹೊರೆ ಹಾಕಿದರೆ ಪ್ರೈಮರಿ ಎಷ್ಟು ಕರೆಂಟ್ ಎಳೆಯುತ್ತದೆ? ಲೆಕ್ಕ ಮಾಡಿ ಬರೆದು ಕಳಿಸು.

ಪ್ರೀತಿಯಿಂದ,
ನಿನ್ನ ಅಮ್ಮ