ಐದು ಜನ ಕೂತರೆ ಗಾಡಿ ಎಳೆಯುತ್ತಿಲ್ಲ, ಒಮ್ಮೆ ಸರಿಯಾಗಿ ನೋಡಿ

ಗ್ರಾಹಕ ಸೇವಾ ವಿಭಾಗದವರಿಗೆ ನಮಸ್ಕಾರ,

ನಿಮ್ಮ ಕಾಂಪ್ಯಾಕ್ಟ್ ಸೆಡಾನ್ ತಗೊಂಡು ಒಂದೂವರೆ ವರ್ಷ ಆಯಿತು. 1.2 ಲೀಟರ್ ಪೆಟ್ರೋಲ್, ಮ್ಯಾನುಯಲ್ ಗೇರ್. ದಾವಣಗೆರೆ ಊರೊಳಗೆ ಪಿ.ಬಿ. ರಸ್ತೆಯಲ್ಲಿ ನಾನೊಬ್ಬನೇ ಓಡಾಡುವಾಗ ಏನೂ ತೊಂದರೆ ಇಲ್ಲ, ಮೈಲೇಜೂ ಚೆನ್ನಾಗಿದೆ. ಮನೆಯವರೆಲ್ಲ ಹತ್ತಿದರೆ ಬೇರೆ ಗಾಡಿಯೇ ಆಗಿಬಿಡುತ್ತದೆ.

ಹೋದ ತಿಂಗಳು ಚಿತ್ರದುರ್ಗಕ್ಕೆ ಹೊರಟಿದ್ದೆವು. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಆನ್. ಹೈವೇಯಲ್ಲಿ ಒಂದು ಲಾರಿ ದಾಟೋಣ ಅಂತ ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಜೋರಾಗಿ ಕೂಗಿತು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು 4000 ದಾಟಿತು, ಸ್ಪೀಡ್ ಮುಳ್ಳು ಮಾತ್ರ ಇದ್ದಲ್ಲೇ ಇತ್ತು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮತ್ತೆ ಲಾರಿ ಹಿಂದೆ ಸೇರಿಕೊಳ್ಳುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು.

ಮಧ್ಯಾಹ್ನ ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಬೆಟ್ಟದ ಏರಿನಲ್ಲಿ ಎರಡನೇ ಗೇರಿಗೂ ಹತ್ತಲಿಲ್ಲ. ಎಸಿ ಆಫ್ ಮಾಡಿ ಮೊದಲನೇ ಗೇರಿನಲ್ಲಿ ತೆವಳಿಕೊಂಡು ಹೋದೆವು. ಅಮ್ಮ ಹಿಂದಿನ ಸೀಟಿನಲ್ಲಿ ಮಗುವಿಗೆ ಸೆರಗಿನಲ್ಲಿ ಗಾಳಿ ಹಾಕುತ್ತಾ, "ಏನೋ ಸುಟ್ಟ ವಾಸನೆ ಬರ್ತಿದೆ ನೋಡಪ್ಪ" ಅಂದರು. ನಿಜವಾಗಿಯೂ ಬರುತ್ತಿತ್ತು.

ಸರ್ವಿಸ್ ಸೆಂಟರಿಗೆ ಹೋದರೆ ಹುಡುಗ ಒಬ್ಬನೇ ಕೂತು ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ. "1.2 ಎಂಜಿನ್ ಅಲ್ವಾ ಸಾರ್, ಲೋಡ್ ಹಾಕಿದರೆ ಇಷ್ಟೇ" ಅಂದ. ಟರ್ಬೊ ಇಲ್ಲದ ಸಣ್ಣ ಎಂಜಿನ್, ಅದರ ಪೂರ್ತಿ ಶಕ್ತಿ ಸಿಗುವುದು 6000 ಆರ್‌ಪಿಎಂ ಹತ್ತಿರ, ಎಸಿ ಹಾಕಿದರೆ ಕಂಪ್ರೆಸರ್ ಕೂಡ ಅದರಲ್ಲೇ ಸ್ವಲ್ಪ ತಿನ್ನುತ್ತದೆ ಅನ್ನುವುದು ನನಗೂ ಗೊತ್ತು. ಆದರೆ ತಗೊಂಡ ಹೊಸದರಲ್ಲಿ ಇದೇ ಐದು ಜನ ಇದೇ ಏರನ್ನು ಎರಡನೇ ಗೇರಿನಲ್ಲಿ ಎಸಿ ಹಾಕಿಕೊಂಡೇ ಹತ್ತಿದ್ದೇವೆ. ಆಗಲೂ ಇದೇ ಎಂಜಿನ್ ಅಲ್ವಾ?

ನನ್ನ ಅನುಮಾನ ಕ್ಲಚ್ ಮೇಲೆ. ಎಂಜಿನ್ ತಿರುಗುತ್ತದೆ, ಆ ಬಲ ಚಕ್ರಕ್ಕೆ ಬರುತ್ತಿಲ್ಲ. ನಾನು ಮೆಕ್ಯಾನಿಕ್ ಅಲ್ಲ, ತಪ್ಪಿದ್ದರೆ ಹೇಳಿ. ಆದರೆ ನೋಡದೆ ಸುಮ್ನೆ "ನಾರ್ಮಲ್" ಅಂತ ಬರೆದುಕೊಡಬೇಡಿ. ಅನುಭವ ಇರುವ ಟೆಕ್ನಿಷಿಯನ್ ಒಬ್ಬರನ್ನು ಕಳಿಸಿ, ನಾವು ನಾಲ್ಕು ಜನ ಜೊತೆಗೆ ಕೂರುತ್ತೇವೆ, ಅದೇ ಏರು ಹತ್ತಿಸಿ ನೋಡಲಿ. ಕ್ಲಚ್, ಥ್ರಾಟಲ್ ಬಾಡಿ, ಸ್ಪಾರ್ಕ್ ಪ್ಲಗ್ ಪರೀಕ್ಷೆ ಮಾಡಿ ಏನು ಸಿಕ್ಕಿತು ಅಂತ ಬರಹದಲ್ಲಿ ಕೊಡಿ. ಗಾಡಿ ಇನ್ನೂ ವಾರಂಟಿಯಲ್ಲಿದೆ. ಮುಂದಿನ ವಾರ ಯಾವ ದಿನ ತರಲಿ, ತಿಳಿಸಿ.

ಇಂತಿ,
ದಾವಣಗೆರೆಯ ನಿಮ್ಮ ಗ್ರಾಹಕ