ಎಪ್ಪತ್ತು ದಾಟಿದವರ ಕಾರ್ಡಿಗೆ ದುಡ್ಡು ಹಾಕೋದು ಯಾರು?

ಸಂಪಾದಕರೇ,

ಆಯುಷ್ಮಾನ್ ಭಾರತ್ ಆರೋಗ್ಯ ಯೋಜನೆಯನ್ನು ವಿಸ್ತರಿಸಿ, 70 ದಾಟಿದ ಎಲ್ಲರಿಗೂ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಎಂದು ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಅಕ್ಟೋಬರ್ 29ಕ್ಕೆ ‘ಆಯುಷ್ಮಾನ್ ವಯ ವಂದನಾ’ ಕಾರ್ಡ್ ಬಂತು. ಆದಾಯ ಎಷ್ಟು ಅಂತ ಕೇಳುವುದಿಲ್ಲ, ಆಧಾರ್‌ನಲ್ಲಿ ವಯಸ್ಸು ಇದ್ದರೆ ಆಯಿತು. ಶುಗರ್, ಬಿಪಿ ಮೊದಲೇ ಇದ್ದರೂ ತಕರಾರಿಲ್ಲ. ಖಾಸಗಿ ವಿಮೆಯಲ್ಲಾದರೆ ಹಳೇ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಪ್ರೀಮಿಯಂ ಬೇರೆ ಆ ವಯಸ್ಸಿಗೆ ಹತ್ತಾರು ಸಾವಿರ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ 18% ಜಿಎಸ್‌ಟಿ ತೆಗೆದರು ನಿಜ, ಆದರೆ ಕೊಳ್ಳುವ ಶಕ್ತಿಯೇ ಇಲ್ಲದವರಿಗೆ ಅದರಿಂದ ಏನೂ ಆಗಲಿಲ್ಲ. ಹಾಗಾಗಿ ಯೋಜನೆ ಒಳ್ಳೆಯದೇ. ನನ್ನ ತಕರಾರು ದುಡ್ಡಿನದು.

ಈ ವಿಸ್ತರಣೆಗೆ ಕೇಂದ್ರ ಆರಂಭದಲ್ಲಿ ಇಟ್ಟಿದ್ದು 3,437 ಕೋಟಿ ರೂಪಾಯಿ. ಫಲಾನುಭವಿಗಳು 6 ಕೋಟಿ ಹಿರಿಯರು ಅಂತ ಅವರೇ ಹೇಳಿದರು. ಭಾಗಿಸಿ ನೋಡಿ, ತಲೆಗೆ 573 ರೂಪಾಯಿ ಆಗುತ್ತದೆ. ಎಲ್ಲರೂ ಒಂದೇ ವರ್ಷ ಆಸ್ಪತ್ರೆಗೆ ಹೋಗುವುದಿಲ್ಲ, ವಿಮೆಯ ಲೆಕ್ಕವೇ ಹಾಗೆ, ಒಪ್ಪೋಣ. ಆದರೆ ಇದು ಮೂವತ್ತರ ಹುಡುಗರ ಗುಂಪಲ್ಲ. ಎಪ್ಪತ್ತು ದಾಟಿದ ಮೇಲೆ ಕಣ್ಣು, ಮಂಡಿ, ಹೃದಯ, ಕಿಡ್ನಿ ಒಂದಾದ ಮೇಲೆ ಒಂದು ಕೈ ಕೊಡುತ್ತವೆ. ಖರ್ಚು ಇದಕ್ಕಿಂತ ಜಾಸ್ತಿ ಆಗುವುದು ಖಚಿತ, ಅದನ್ನು ಹೊರುವವರು ಯಾರು? ಹೆಚ್ಚಿನ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40 ಅನ್ನುವ ಲೆಕ್ಕ. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10.

ಕರ್ನಾಟಕದಲ್ಲಿ ಜಗಳ ಇರುವುದು ಇಲ್ಲೇ. 2018ರಿಂದ ನಮ್ಮಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಅಂತ ಕೇಂದ್ರದ ಯೋಜನೆ, ರಾಜ್ಯದ ಯೋಜನೆ ಎರಡೂ ಸೇರಿಸಿ ನಡೆಸುತ್ತಿದ್ದಾರೆ. ಮಧ್ಯದಲ್ಲಿ ವಿಮಾ ಕಂಪನಿ ಇಲ್ಲ, ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುತ್ತದೆ. ಕೇಂದ್ರ ತನ್ನ ಪಾಲು ಕೊಡುವುದು 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಸಿಕ್ಕ ಸುಮಾರು 62 ಲಕ್ಷ ಕುಟುಂಬಗಳಿಗೆ. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಗಳೇ ಅದಕ್ಕಿಂತ ಎಷ್ಟೋ ಹೆಚ್ಚು, ಉಳಿದವರ ಹೊರೆ ನಮ್ಮದೇ, ಕೇಂದ್ರದ ಪಾಲು ಸಾಲದು ಎಂದು ರಾಜ್ಯ ಸರ್ಕಾರ ಹೇಳುತ್ತಲೇ ಬಂದಿದೆ. ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಆ ಲೆಕ್ಕ ಹಿಡಿದುಕೊಂಡು ಮುದುಕರನ್ನು ಬಾಗಿಲಲ್ಲಿ ನಿಲ್ಲಿಸಿದರೆ ಹೇಗೆ?

ಕಳೆದ ವರ್ಷ ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಈ ಯೋಜನೆಯ ರೋಗಿಗಳಿಗೆ ನೆರವಾಗುವ ‘ಆರೋಗ್ಯ ಮಿತ್ರ’ ಅಂತ ಬೋರ್ಡ್ ಇದ್ದ ಟೇಬಲ್ ಮುಂದೆ ಫೋನಲ್ಲಿ ವಯ ವಂದನಾ ಕಾರ್ಡ್ ತೋರಿಸಿದೆ. ಆ ಹುಡುಗ ನೋಡಿ, ‘ಇದು ಇಲ್ಲಿ ನಡೆಯಲ್ಲ ಸಾರ್, ರೇಷನ್ ಕಾರ್ಡ್ ಕೊಡಿ’ ಅಂದ. ಕೊಟ್ಟೆ. ‘ಎಪಿಎಲ್ ಅಲ್ವಾ ಸಾರ್, ಮೂವತ್ತು ಪರ್ಸೆಂಟ್ ಅಷ್ಟೇ ಬರೋದು.’ ಪಾಪ, ಅವನ ತಪ್ಪೇನಿಲ್ಲ. ನಿಯಮವೇ ಹಾಗಿದೆ: ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರದ) 30% ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಗಮನಿಸಿ, ಪ್ಯಾಕೇಜ್ ದರದ 30%, ಆಸ್ಪತ್ರೆ ಬಿಲ್ಲಿನ 30% ಅಲ್ಲ. ಉಳಿದಿದ್ದಕ್ಕೆ ತಮ್ಮನೂ ನಾನೂ ಸಾಲ ಮಾಡಿದೆವು.

ಒಂದೇ ಹಿರಿಯರಿಗೆ ದೆಹಲಿಯ ಲೆಕ್ಕದಲ್ಲಿ 5 ಲಕ್ಷ, ಬೆಂಗಳೂರಿನ ಲೆಕ್ಕದಲ್ಲಿ 30%. ಎಪಿಎಲ್ ಅಂದರೆ ಶ್ರೀಮಂತರು ಅಂತೇನಲ್ಲ, ಮನೆಯಲ್ಲಿ ಮಗನಿಗೆ ಒಂದು ಸಣ್ಣ ಕೆಲಸ ಇದ್ದರೂ ಸಾಕು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳನ್ನು ಎಪಿಎಲ್ ಮಾಡಲು ಹೋಗಿ ಎಷ್ಟು ಗಲಾಟೆ ಆಯಿತು, ಆಮೇಲೆ ಸರ್ಕಾರವೇ ಹಿಂದೆ ಸರಿಯಿತು, ನಿಮ್ಮ ಪತ್ರಿಕೆಯಲ್ಲೇ ಓದಿದ್ದೇವೆ. ಅಂಥ ಕಾರ್ಡಿನ ಬಣ್ಣ ನೋಡಿ ಮುದುಕರ ಚಿಕಿತ್ಸೆ ನಿರ್ಧಾರ ಆಗಬಾರದು.

ಈಗ ಹಣ ಎಲ್ಲಿಂದ ತರುವುದು ಅಂತ ಕೇಳುತ್ತಾರೆ. 2018ರ ಬಜೆಟ್‌ನಲ್ಲೇ ಎರಡು ಘೋಷಣೆ ಒಟ್ಟಿಗೆ ಬಂದಿದ್ದವು. ಒಂದು ಈ 5 ಲಕ್ಷದ ಯೋಜನೆ, ಇನ್ನೊಂದು ಆದಾಯ ತೆರಿಗೆಯ ಮೇಲಿನ 3% ಶಿಕ್ಷಣ ಸೆಸ್ಸನ್ನು 4% ಆರೋಗ್ಯ ಮತ್ತು ಶಿಕ್ಷಣ ಸೆಸ್ ಮಾಡಿದ್ದು. ತೆರಿಗೆ ಕಟ್ಟುವ ಪಿಂಚಣಿದಾರರೂ ಇದನ್ನು ಕಟ್ಟುತ್ತಾರೆ. ಸೆಸ್ ಹಣವನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ, ಸಂವಿಧಾನವೇ ಹಾಗೆ ಹೇಳುತ್ತದೆ. 2021ರಲ್ಲಿ ಆರೋಗ್ಯದ ಪಾಲಿಗೆ ಬೇರೆ ನಿಧಿ ಮಾಡಿದರು, ಆಯುಷ್ಮಾನ್‌ಗೂ ಅದರಿಂದ ಖರ್ಚು ಮಾಡಬಹುದು. ಹಾಗಿದ್ದ ಮೇಲೆ ಆರೋಗ್ಯದ ಹೆಸರಲ್ಲಿ ವಸೂಲಿ ಮಾಡಿದ್ದು ಪೂರ್ತಿ ಕೇಂದ್ರದ ಕೈಯಲ್ಲಿ, ಖರ್ಚಿನಲ್ಲಿ ಮಾತ್ರ ರಾಜ್ಯ 40 ಕೊಡಬೇಕು ಅನ್ನುವುದು ಯಾವ ನ್ಯಾಯ? ಕೇಂದ್ರ ಘೋಷಿಸಿದ ಯೋಜನೆ, ಕೇಂದ್ರದ ಸೆಸ್. ಕೊನೇಪಕ್ಷ 70 ದಾಟಿದವರ ಖರ್ಚನ್ನಾದರೂ ಈ ನಿಧಿಯಿಂದಲೇ ಪೂರ್ತಿ ಕೊಡಲಿ. ರಾಜ್ಯ ಆ ಉಳಿಕೆಯನ್ನು 60ರಿಂದ 70ರ ನಡುವಿನವರಿಗೆ ಹಾಕಲಿ. ರಿಟೈರ್ ಆಗುವುದು 60ಕ್ಕೆ, ರಕ್ಷಣೆ ಬರುವುದು 70ಕ್ಕೆ, ನಡುವಿನ ಹತ್ತು ವರ್ಷ ಸುಮ್ನೆ ದೇವರ ಮೇಲೆ ಭಾರ ಹಾಕಿ ಕೂರಬೇಕೇ?

ಇನ್ನೊಂದು ವಿಷಯ. ಈ ಯೋಜನೆ ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ. ಹಿರಿಯರ ಕೈ ಖಾಲಿ ಮಾಡುವುದು ತಿಂಗಳು ತಿಂಗಳ ಮಾತ್ರೆ, ರಕ್ತ ಪರೀಕ್ಷೆ, ಡಾಕ್ಟರ ಫೀಸು. ಅದಕ್ಕೆ ಇದರಲ್ಲಿ ಪೈಸೆ ಇಲ್ಲ. ಬಿಪಿ ಮಾತ್ರೆ ಉಳಿಸಲು ಹೋಗಿ ಸ್ಟ್ರೋಕ್ ಆದ ಮೇಲೆ ಲಕ್ಷ ಕೊಡುತ್ತೇವೆ ಅನ್ನುವುದು ಸರ್ಕಾರಕ್ಕೂ ನಷ್ಟವೇ.

ಕಾರ್ಡ್ ಹಂಚಿ ಆಸ್ಪತ್ರೆಗಳ ಬಾಕಿ ಉಳಿಸಿಕೊಂಡರೆ ಏನಾಗುತ್ತದೆ ಅಂತ 2025ರ ಆಗಸ್ಟ್‌ನಲ್ಲಿ ಹರಿಯಾಣದಲ್ಲಿ ಕಂಡೆವು. ಬಾಕಿ ಬಂದಿಲ್ಲ ಅಂತ ಅಲ್ಲಿನ ನೂರಾರು ಖಾಸಗಿ ಆಸ್ಪತ್ರೆಗಳು ಆಯುಷ್ಮಾನ್ ರೋಗಿಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಎಷ್ಟು ಕಾರ್ಡ್ ಕೊಟ್ಟೆವು ಅನ್ನುವ ಅಂಕಿಯನ್ನು ಎರಡೂ ಸರ್ಕಾರಗಳು ತಾವಾಗಿಯೇ ಕೊಡುತ್ತವೆ, ಅದನ್ನು ಬಿಡಿ. ಜಿಲ್ಲಾವಾರು 70 ದಾಟಿದ ಎಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿತು, ಎಷ್ಟು ಜನ ಎಪಿಎಲ್ ಎಂದು ಉಳಿದ ಹಣ ಕೈಯಿಂದ ಕೊಟ್ಟರು, ಆಸ್ಪತ್ರೆಗಳಿಗೆ ಎಷ್ಟು ಬಾಕಿ ಇದೆ, ಇದನ್ನು ನಿಮ್ಮ ವರದಿಗಾರರು ಆರ್‌ಟಿಐ ಹಾಕಿ ತೆಗೆದು ಅಚ್ಚು ಹಾಕಲಿ.

— ಒಬ್ಬ ಓದುಗ, ತುಮಕೂರು