ಅಕ್ಕನಿಗೆ, ನಮ್ಮ 2009ರ ಬ್ಯಾಚಿನ ಸುದ್ದಿ

ನಾಟಿಂಗ್‌ಹ್ಯಾಮ್
ಭಾನುವಾರ

ಪ್ರೀತಿಯ ಅಕ್ಕನಿಗೆ,

ನಾನು ಇಲ್ಲಿ ಕ್ಷೇಮ. ಅಪ್ಪ, ಅಮ್ಮ, ಭಾವ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮನ ಮಂಡಿ ನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ "ಏನೂ ಇಲ್ಲ" ಅಂತಾಳೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ, ನಿಜ ಬರೆ.

ಹೈಸ್ಕೂಲಿನ ಸ್ಮರಣ ಸಂಚಿಕೆಗೆ ನಮ್ಮ ಬ್ಯಾಚಿನವರ ಸುದ್ದಿ ಬೇಕು ಅಂದಿದ್ದೆಯಲ್ಲ. ರಜೆ ಸಿಕ್ಕಾಗಲೆಲ್ಲ ಒಬ್ಬೊಬ್ಬರಿಗೆ ಫೋನ್ ಮಾಡಿದೆ. ನೀನು ಕಳಿಸಿದ ಫಾರಂನಲ್ಲಿ ಹೆಸರು, ಓದು, ಹುದ್ದೆ, ಊರು ಅಂತ ನಾಲ್ಕೇ ಕಾಲಂ ಇವೆ. ಅದನ್ನೇ ತುಂಬಿ ಕಳಿಸಲು ಮನಸ್ಸು ಬರಲಿಲ್ಲ. ಮೊದಲು ಎಲ್ಲರ ಸುದ್ದಿ ಓದು, ಯಾಕೆ ಅಂತ ನಿನಗೇ ಗೊತ್ತಾಗುತ್ತದೆ. ಹೆಸರು ಬರೆಯುತ್ತಿಲ್ಲ, ಕೆಲವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ನಮ್ಮ ಕ್ಲಾಸಿಗೇ ಪಾಠ ಮಾಡಿದವಳಲ್ಲವಾ ನೀನು, ಯಾರು ಅಂತ ಗುರುತು ಹಿಡಿಯುತ್ತೀಯ.

ಲಾಸ್ಟ್ ಬೆಂಚಿನ ಎತ್ತರದ ಹುಡುಗಿ ಗ್ರಾಮ ಲೆಕ್ಕಿಗಳಾದದ್ದು ನಿನಗೆ ಗೊತ್ತು. ಆಗ ಪಿಯುಸಿ ಅಂಕ ನೋಡಿಯೇ ತೆಗೆದುಕೊಳ್ಳುತ್ತಿದ್ದರು. ಈಗ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ ಅಂತ ಆಗಿದೆ. ಪಿಂಚಣಿ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ಸಮೀಕ್ಷೆ, ಎಲ್ಲದಕ್ಕೂ ಅವಳೇ ಓಡಾಡಬೇಕು. ಅವಳ ದನಿಯಲ್ಲಿ ಒಂದು ಗತ್ತು ಬಂದಿದೆ, ಕೇಳಿ ಖುಷಿಯಾಯಿತು.

ಪ್ರೇಯರ್ ಹೇಳುತ್ತಿದ್ದವಳು ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದಳಂತೆ! 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದದ್ದು. ಅರ್ಧ ಸೀಟು ಹೆಂಗಸರಿಗೆ ಮೀಸಲು ಅಲ್ವಾ, ಮನೆಯವರೇ ನಿಲ್ಲಿಸಿದರಂತೆ. ಮೊದಮೊದಲು ಸಭೆಯಲ್ಲಿ ಗಂಡನೇ ಮಾತಾಡುತ್ತಿದ್ದನಂತೆ. ಆಮೇಲೆ ಇವಳು ನರೇಗಾ ಕಾಮಗಾರಿ ಪಟ್ಟಿಯನ್ನು ತಾನೇ ಓದಿ, ಕೂಲಿ ಯಾಕೆ ಬಂದಿಲ್ಲ ಅಂತ ಕೇಳಲು ಶುರು ಮಾಡಿದಳು. ಇಷ್ಟೆಲ್ಲ ಹೇಳಿದವಳು, "ಹುದ್ದೆ ಏನಂತ ಬರೆಯಲಿ?" ಅಂದರೆ "ಗೃಹಿಣಿ ಅಂತ ಹಾಕು ಕಣೇ, ಸಾಕು" ಅಂದಳು. ನಾನು ಒಪ್ಪಲಿಲ್ಲ.

ಪಿಯುಸಿ ಮೊದಲ ವರ್ಷಕ್ಕೇ ನಿಲ್ಲಿಸಿ ಒಬ್ಬಳಿಗೆ ಮದುವೆ ಮಾಡಿದರಲ್ಲ, ಅವಳೂ ಸಿಕ್ಕಳು. ಆಗ ಅವಳಿಗೆ ಹದಿನೆಂಟು ತುಂಬಿರಲಿಲ್ಲ. ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಪಿಯುಸಿಯನ್ನು ಖಾಸಗಿಯಾಗಿ ಕಟ್ಟಿ ಪಾಸು ಮಾಡಿದ್ದಾಳೆ. ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ. ಕೂಡ ಮುಗಿಸಿದ್ದಾಳೆ, ಎರಡು ಮಕ್ಕಳನ್ನು ಸಾಕಿಕೊಂಡು! ಹಾಸನದ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಮೊದಲೂ ಕೆಲಸ ಸಿಕ್ಕಿತ್ತು. ಬಸ್ ಚಾರ್ಜ್ ಕಳೆದರೆ ಕೈಗೇನು ಉಳಿಯುತ್ತೆ ಅಂತ ಮನೆಯವರು ಬಿಟ್ಟಿರಲಿಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಆ ಮಾತೇ ನಿಂತುಹೋಯಿತಂತೆ. ಅಲ್ಲಿ ಫ್ರೀ ಬಸ್ಸಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಇವಳ ಕಥೆ ಹೇಳು, ಅಕ್ಕ.

ನನ್ನ ಸುದ್ದಿ ಏನೆಂದರೆ, ನನಗೆ ಬಡ್ತಿ ಸಿಕ್ಕಿ ಬ್ಯಾಂಡ್ 6 ಆಗಿದೆ. ಬ್ಯಾಂಡ್ ಅಂದರೆ ಇಲ್ಲಿನ ಸರ್ಕಾರಿ ಆಸ್ಪತ್ರೆಗಳ ಸಂಬಳದ ದರ್ಜೆ. ಇಷ್ಟು ದಿನ ಬ್ಯಾಂಡ್ 5 ಸ್ಟಾಫ್ ನರ್ಸ್ ಆಗಿದ್ದೆ. ಇನ್ನು ಮೇಲೆ ನನ್ನ ಪಾಳಿಯಲ್ಲಿ ವಾರ್ಡಿನ ಜವಾಬ್ದಾರಿ ನನ್ನದೇ. ಹನ್ನೆರಡೂವರೆ ಗಂಟೆಯ ಪಾಳಿ ಮುಗಿಸಿ ಬಂದರೆ ಊಟ ಬೇಡ, ನಿದ್ದೆ ಬೇಕು ಅನ್ನಿಸುತ್ತದೆ. ಆದರೂ ಈ ಕೆಲಸ ನನಗೆ ತುಂಬಾ ಇಷ್ಟ. ಅಪ್ಪನಿಗೆ ನೀನೇ ಹೇಳು, ಫೋನಿನಲ್ಲಿ ಹೇಳಿದರೆ ನಾನು ಅತ್ತುಬಿಡುತ್ತೇನೆ.

ಈಗ ಮುಖ್ಯವಾದ ಮಾತು. ನಮ್ಮ ಕ್ಲಾಸಿನ ಲೆಕ್ಕದ ರಾಣಿ ನೆನಪಿದ್ದಾಳಾ? ಮಧ್ಯಾಹ್ನ ಊಟದ ಬಿಡುವಿನಲ್ಲಿ ಅರ್ಧ ಕ್ಲಾಸಿಗೆ ಬೀಜಗಣಿತ ಹೇಳಿಕೊಟ್ಟವಳು. ಇಲ್ಲಿ ನರ್ಸಾಗಿ ನೋಂದಣಿ ಆಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಸಿಬಿಟಿ ಅಂತ ಕಂಪ್ಯೂಟರ್ ಪರೀಕ್ಷೆ ಇರುತ್ತದೆ. ಆಮೇಲೆ ಇಲ್ಲಿಗೆ ಬಂದು ಆಸ್ಕಿ (OSCE) ಅನ್ನುವ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಆಸ್ಕಿಯಲ್ಲಿ ಹತ್ತು ಸ್ಟೇಷನ್, ಒಂದೊಂದರಲ್ಲೂ ಒಂದು ಕೆಲಸ. ಹೆಚ್ಚಿನವನ್ನು ಮಾಡಿ ತೋರಿಸಬೇಕು, ಕೆಲವನ್ನು ಬರೆಯಬೇಕು. ಸಿಬಿಟಿಯ ಮೊದಲ ಭಾಗ ಬರೀ ಲೆಕ್ಕ. ಇಷ್ಟು ತೂಕದ ರೋಗಿಗೆ ಎಷ್ಟು ಔಷಧಿ, ಡ್ರಿಪ್ ಎಷ್ಟು ವೇಗದಲ್ಲಿ ಹೋಗಬೇಕು, ಹೀಗೆ. ಆ ಲೆಕ್ಕ ಮಾಡುವಾಗೆಲ್ಲ ನಾನು ಅವಳನ್ನೇ ನೆನೆಸಿಕೊಳ್ಳುತ್ತಿದ್ದೆ.

ಅವಳು ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಳು. ಹೆರಿಗೆಗೆ 26 ವಾರ ರಜೆ ಸಿಕ್ಕಿತು. 2017ರಿಂದ ಕಾನೂನೇ ಇದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಗು ನೋಡಿಕೊಳ್ಳುವ ವ್ಯವಸ್ಥೆಯೂ ಇರಬೇಕು. ಅವಳ ಆಫೀಸಿನಲ್ಲಿ ಅದೂ ಇತ್ತು. ಆದರೆ ಮನೆಯಿಂದ ಆಫೀಸು ಎಷ್ಟು ದೂರ! ಆ ಟ್ರಾಫಿಕ್ಕಿನಲ್ಲಿ ಎಳೆ ಮಗುವನ್ನು ದಿನಾ ಎತ್ತಿಕೊಂಡು ಹೋಗಿ ಬರಲಾಗದೆ ಕೆಲಸ ಬಿಟ್ಟಳು. ಈಗ ಹೊಸ ಕೆಲಸಕ್ಕೆ ಅರ್ಜಿ ಹಾಕಿದರೆ, ನಡುವೆ ಯಾಕೆ ಖಾಲಿ ಇದ್ದಿರಿ ಅಂತಲೇ ಎಲ್ಲರೂ ಕೇಳುತ್ತಾರಂತೆ. "ನನ್ನ ಹೆಸರು ಹಾಕಬೇಡ, ಹುದ್ದೆ ಕಾಲಂನಲ್ಲಿ ಬರೆಯೋಕೆ ನನ್ನ ಹತ್ತಿರ ಏನಿದೆ?" ಅಂದಳು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಅಕ್ಕ.

ಅದಕ್ಕೇ ಕೇಳುತ್ತಿದ್ದೇನೆ, ಆ ಫಾರಂ ಬದಲಾಯಿಸಿ. ಹುದ್ದೆ ಒಂದನ್ನೇ ಕೇಳಿದರೆ ನೌಕರಿ ಇರುವವರು ಮಾತ್ರ ಉತ್ತರ ಬರೆಯುತ್ತಾರೆ, ಉಳಿದವರು ಸುಮ್ನೆ ಇದ್ದುಬಿಡುತ್ತಾರೆ. ಎಲ್ಲಿ ನಿಲ್ಲಬೇಕಾಯಿತು, ಯಾಕೆ, ಮತ್ತೆ ಶುರು ಮಾಡಲು ಯಾರು ಅಥವಾ ಯಾವುದು ನೆರವಾಯಿತು ಅಂತಲೂ ಕೇಳಿ. ಸಂಚಿಕೆ ಓದುವವರು ಈಗ ಎಂಟು, ಒಂಬತ್ತು, ಹತ್ತರಲ್ಲಿರುವ ಹುಡುಗಿಯರು. ಗೆದ್ದವರ ಫೋಟೋ ಅಷ್ಟೇ ನೋಡಿದರೆ ಅವರಿಗೆ ದಾರಿ ಗೊತ್ತಾಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ನಿಂತದ್ದು ಮೂರೇ ಕಡೆ: ಎಸ್ಸೆಸ್ಸೆಲ್ಸಿ ಆದ ಮೇಲೆ, ಮದುವೆ ಆದ ಮೇಲೆ, ಮೊದಲ ಮಗು ಆದ ಮೇಲೆ. ಅದು ಅವರಿಗೆ ಮೊದಲೇ ಗೊತ್ತಿರಲಿ. 2006ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಮೊದಲ ಬ್ಯಾಚ್ ನಮ್ಮದೇ. ಸೈಕಲ್ ಬರದಿದ್ದರೆ ಪಕ್ಕದ ಹಳ್ಳಿಗಳಿಂದ ಬರುತ್ತಿದ್ದ ಎಷ್ಟು ಜನ ಹತ್ತನೇ ಕ್ಲಾಸ್ ತಲುಪುತ್ತಿದ್ದರೋ! ಅದನ್ನೂ ಬರೆಯಿರಿ.

ಹೆಡ್‌ಮಿಸ್ ಒಪ್ಪದಿದ್ದರೆ ಹೇಳು, ನಾನೇ ಫೋನ್ ಮಾಡಿ ಮಾತಾಡುತ್ತೇನೆ. ಇನ್ನೊಂದು ವಿಷಯ. ಲೆಕ್ಕದ ರಾಣಿ ಮುಂದಿನ ತಿಂಗಳು ಮಗುವನ್ನು ಕರೆದುಕೊಂಡು ತವರಿಗೆ ಬರುತ್ತಾಳಂತೆ. ನೀನು ಒಂದು ಸಲ ಮನೆಗೆ ಹೋಗಿ ಕೇಳು. ನನಗೆ ಬೇಡ ಅಂದವಳು ಟೀಚರ್ ಬಂದು ಕೇಳಿದರೆ ಒಪ್ಪಬಹುದು. ಹತ್ತನೇ ಕ್ಲಾಸಿನವರಿಗೆ ಸಂಜೆ ಹೊತ್ತು ಆನ್‌ಲೈನಿನಲ್ಲಿ ಲೆಕ್ಕ ಹೇಳಿಕೊಡುತ್ತೀಯಾ ಅಂತಲೂ ಕೇಳು. ಸಂಬಳ ಕೊಟ್ಟೇ ಕೇಳಬೇಕು. ನನ್ನ ಪಾಲಿನ ದುಡ್ಡು ನಾನು ಕಳಿಸುತ್ತೇನೆ.

ಅಪ್ಪ ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ